ಖಾಲಿ ಬೀಸಿದ ಕಲ್ಲು

ನಾನೊಂದು ಬೀಸುವ ಕಲ್ಲು. ಜೋಡಿಯಲ್ಲಿ ಮೇಲಿನದು, ಸುತ್ತುವುದು. ಕೆಳಗಿನದು ಕೂತಲ್ಲೇ ಕೂತಿರುತ್ತದೆ, ಅದಕ್ಕೆ ಹೇಳಿಕೊಳ್ಳುವಂಥ ಕಥೆಯಿಲ್ಲ. ಬೀಸುವ ಕಲ್ಲು ತನ್ನ ಬಾಳಿನ ಕಥೆ ಹೇಳಹೊರಟರೆ ಕಾಳು, ಹಿಟ್ಟು, ರೊಟ್ಟಿ ಎಂದು ಮೂರು ಮಾತಿನಲ್ಲಿ ಮುಗಿದುಹೋಗುತ್ತದೆ ಎಂದು ನೀವು ತಿಳಿದಿರಬಹುದು. ತಪ್ಪು ತಿಳಿದಿದ್ದೀರಿ. ನನ್ನದು ಸುನ್ನತಿಯ ಕಥೆ. ಗಂಡುಮಕ್ಕಳ ಮುಂದೊಗಲನ್ನು ಕತ್ತರಿಸುವ ಆ ಹಳೆಯ ಸಂಸ್ಕಾರಕ್ಕೂ ಹಿಟ್ಟಿನ ಕಲ್ಲಿಗೂ ಎಲ್ಲಿಯ ನಂಟು ಎಂದು ಮೂಗು ಮುರಿಯಬೇಡಿ. ಹಿಟ್ಟಿಲ್ಲದೆ ಊಟವಿಲ್ಲ, ಊಟವಿಲ್ಲದೆ ಹಬ್ಬವಿಲ್ಲ. ಮನೆಯಲ್ಲಿ ಏನೇ ನಡೆಯುವುದಿದ್ದರೂ ಮೊದಲು ತಿಳಿಯುವುದು ನನಗೆ.

ನಾನು ಹುಟ್ಟಿದ್ದು ಹೌರಾನ್ ಸೀಮೆಯಲ್ಲಿ. ಯಾವುದೋ ಕಾಲದಲ್ಲಿ ಬೆಟ್ಟ ಬೆಂಕಿಯುಗುಳಿ, ಆ ಬೆಂಕಿ ತಣಿದು ಆದ ಕಪ್ಪು ಕಲ್ಲಿನ ನಾಡು ಅದು. ಕಲ್ಲುಕುಟಿಗನೊಬ್ಬ ನನ್ನನ್ನು ಬಂಡೆಯಿಂದ ಬಿಡಿಸಿ, ದುಂಡಗೆ ಮಾಡಿ, ನಡುವೆ ಬಾಯಿ ಕೊರೆದು, ಅಂಚಿನಲ್ಲಿ ಗೂಟ ಬಡಿದ. ಬಡಿಯುವಾಗ ಬೈಯುತ್ತಲೇ ಇದ್ದ. ನಾನೂ ಸುಲಭಕ್ಕೆ ಬಗ್ಗುವವನಲ್ಲ. ಅವನ ಎರಡು ಉಳಿಗಳ ಮೊನೆ ಮುರಿದಿದ್ದು ನನ್ನ ಮೈಮೇಲೆಯೇ. ಆ ನಾಡಿನ ಕಲ್ಲಿಗೆ ಕನ್ನಡ ಹೇಗೆ ಬಂತು ಎಂದು ಕೇಳುವವರಿಗೆ ಒಂದು ಮಾತು: ನಿಮ್ಮಜ್ಜಿಯ ಬೀಸುವ ಕಲ್ಲೂ ನನ್ನ ಹಾಗೆಯೇ ಸದ್ದು ಮಾಡುತ್ತಿತ್ತು. ನಮ್ಮ ಜಾತಿಗೆ ಭಾಷೆ ಒಂದೇ.

ವರ್ತಕರು ನನ್ನನ್ನು ಒಂಟೆಯ ಮೇಲೆ ಹೇರಿ ಈಜಿಪ್ಟಿಗೆ ಒಯ್ದರು. ಅಲ್ಲಿ ದೇವಸ್ಥಾನದ ಪೂಜಾರಿಯೊಬ್ಬನ ಮನೆ ಸೇರಿದೆ. ಅವನ ಹೆಂಡತಿ ತೈಸಿ ನನ್ನ ಮೊದಲ ಒಡತಿ. ಒಳ್ಳೆಯವಳು, ಆದರೆ ಮೈಲಿಗೆಯ ಭೂತ ಹಿಡಿದವಳು. ಕೈ ತೊಳೆದು ನನ್ನನ್ನು ಮುಟ್ಟುವಳು, ಮುಟ್ಟಿ ಮತ್ತೆ ತೊಳೆಯುವಳು. ಗಂಡನೋ ತಲೆ, ಹುಬ್ಬು, ಮೈಯೆಲ್ಲ ಬೋಳಿಸಿಕೊಂಡು ಸುಲಿದ ಮೊಟ್ಟೆಯಂತೆ ಓಡಾಡುತ್ತಿದ್ದ. ಮಗ ಬೆಳೆದು ದೇವಸ್ಥಾನದ ಸೇವೆಗೆ ಹೋಗುವ ವಯಸ್ಸು ಬಂದಾಗ ಸುನ್ನತಿ ಮಾಡಿಸಿದರು. ಅದಕ್ಕಾಗಿ ನಾನು ಬೆಳಗಿನಿಂದ ಗೋಧಿ ಬೀಸಿದೆ.

"ದೇವರ ಹತ್ರ ಹೋಗೋರು ಶುದ್ಧವಾಗಿರ್ಬೇಕು ಕಣೇ," ಎಂದು ತೈಸಿ ಪಕ್ಕದ ಮನೆಯವಳಿಗೆ ಹೇಳಿದಳು. "ಇದು ಶುರುವಾಗಿದ್ದೇ ನಮ್ಮಲ್ಲಿ. ಹಳೇ ಗೋರಿಗಳ ಗೋಡೆ ಮೇಲೆ ಚಿತ್ರ ಕೆತ್ತಿದ್ದಾರಲ್ಲ, ನೋಡಿಲ್ವಾ? ಮಿಕ್ಕೋರೆಲ್ಲ ನಮ್ಮನ್ನ ನೋಡಿ ಕಲಿತಿದ್ದು."

ನಾನು ನಂಬಿದೆ. ಒಂದೇ ಮನೆ ನೋಡಿದ ಕಲ್ಲು ಅದು ಹೇಳಿದ್ದನ್ನೆಲ್ಲ ನಂಬುತ್ತದೆ.

ತೈಸಿ ಸತ್ತಮೇಲೆ ಮಗ ನನ್ನನ್ನು ಕಾಳು ಕೊಳ್ಳಲು ಬಂದ ಅರಬರಿಗೆ ಕೊಟ್ಟುಬಿಟ್ಟ. ಹೊಸ ಒಡತಿ ಗಮೀಲಾ. ಅವಳಿಗೆ ಮನೆಯೆಂದರೆ ಡೇರೆ, ಊರೆಂದರೆ ದಾರಿ. ನನ್ನನ್ನು ಒಂಟೆಯ ಒಂದು ಬದಿಗೆ, ಕೆಳಗಲ್ಲನ್ನು ಇನ್ನೊಂದು ಬದಿಗೆ ಕಟ್ಟಿ ಮರಳುಗಾಡೆಲ್ಲ ಸುತ್ತಿಸಿದಳು. ಅವಳ ಮಗನಿಗೆ ಹದಿಮೂರು ತುಂಬಿದಾಗ ತಮಟೆ ಬಾರಿಸಿ, ಕುರಿ ಕಡಿದು ಸುನ್ನತಿ ಮಾಡಿಸಿದರು. ಅವನು ಕಣ್ಣು ಮಿಟುಕಿಸದೆ ನಿಂತ. ಹೆಂಗಸರು ಹಾಡಿದರು. ಅವತ್ತಿನಿಂದ ಅವನು ಗಂಡಸರ ಸಾಲಿನಲ್ಲಿ ಊಟಕ್ಕೆ ಕೂತ.

"ಈಜಿಪ್ಟಿನೋರೂ ಮಾಡ್ತಾರಂತಲ್ಲ," ಎಂದು ಯಾರೋ ಅಂದರು.

"ಅವರಿಗೇನು ಗೊತ್ತು?" ಎಂದಳು ಗಮೀಲಾ. "ನಮ್ಮ ಮೂಲಪುರುಷನಿಗೆ ಹದಿಮೂರನೇ ವರ್ಷದಲ್ಲಾಯ್ತು. ನಮ್ಮಿಂದ ಅವರು ಕದ್ದಿದ್ದು."

ಆಗ ನನ್ನ ನಂಬಿಕೆಗೆ ಮೊದಲ ಬಿರುಕು ಬಿತ್ತು. ಒಬ್ಬಳಿಗೆ ಶುದ್ಧಿ, ಇನ್ನೊಬ್ಬಳಿಗೆ ಗಂಡಸುತನ. ಇಬ್ಬರೂ ಅದು ತಮ್ಮದೆಂದೇ ಎದೆ ತಟ್ಟಿಕೊಂಡವರು.

ಮೂರನೆಯ ಮನೆ ಯೂದಾಯದ ಬೆಟ್ಟದ ಮೇಲಿನ ಒಂದು ಹಳ್ಳಿಯಲ್ಲಿತ್ತು. ಎಣ್ಣೆಯ ಜಾಡಿಗಳಿಗೆ ಬದಲಾಗಿ ಗಮೀಲಾಳ ಗಂಡ ನನ್ನನ್ನು ಅಲ್ಲಿ ಇಳಿಸಿ ಹೋದ. ಶೆಲೋಮಿತ್ ಆಗ ಹೊಸ ಮದುವಣಗಿತ್ತಿ. ಯೆಹೂದಿಗಳ ಮನೆ ಅದು. ಅವರು ಮಗ ಬೆಳೆಯಲಿ ಎಂದು ಕಾಯುವವರಲ್ಲ, ಹುಟ್ಟಿದ ಎಂಟನೆಯ ದಿನವೇ ಮಾಡಿಬಿಡುತ್ತಿದ್ದರು. ದೇವರಿಗೂ ತಮ್ಮ ಹಿರಿಯನಿಗೂ ಆದ ಒಡಂಬಡಿಕೆಯ ಗುರುತು ಅದು ಎನ್ನುತ್ತಿದ್ದರು. ಬೇರೆಯವರದೆಲ್ಲ ಬರೀ ಚರ್ಮದ ಕೆಲಸ, ನಮ್ಮದು ಮಾತಿನ ಕೆಲಸ ಎಂದು ಶೆಲೋಮಿತಳ ಅತ್ತೆ ಹೇಳಿದ್ದನ್ನು ನಾನು ಕೇಳಿದ್ದೇನೆ.

ಹೀಗೆ ಮೂರು ಮನೆ, ಮೂರು ಕಾರಣ, ಕೆಲಸ ಒಂದೇ. ಮೊದಲು ಮಾಡಿದವರು ಯಾರು, ಯಾಕೆ ಮಾಡಿದರು ಎಂದು ಬಲ್ಲವರ ಹಾಗೆ ಮಾತಾಡುವವರು ಸಿಕ್ಕರೆ ನನ್ನ ಬಾಯಿಗೆ ಹಾಕಿ ಒಂದು ಸುತ್ತು ತಿರುಗಿಸಿ. ಹಿಟ್ಟಿಗಿಂತ ಹೊಟ್ಟು ಹೆಚ್ಚು ಬರುತ್ತದೆ.

ಶೆಲೋಮಿತ್ ಆರು ಮಕ್ಕಳನ್ನು ಹೆತ್ತಳು, ಕೆಲವರನ್ನು ಮಣ್ಣು ಮಾಡಿದಳು, ನನ್ನ ಗೂಟ ಹಿಡಿದೇ ಮುದುಕಿಯಾದಳು. ಕೊನೆಯ ಮಗನಿಗೆ ಕಡಲತೀರದ ಪಟ್ಟಣದಿಂದ ಹೆಣ್ಣು ತಂದರು. ಅವಳೇ ತಾಮಾರ್.

ತಾಮಾರಳಿಗೆ ಬೆಟ್ಟದ ಊರು ಹಿಡಿಸಲಿಲ್ಲ, ಬೀಸಲು ಬರುತ್ತಿರಲಿಲ್ಲ, ಬಾಯಿ ಮಾತ್ರ ಚೆನ್ನಾಗಿತ್ತು. ಅವಳ ಅಣ್ಣ ಪಟ್ಟಣದಲ್ಲಿ ಗ್ರೀಕರ ಜೊತೆ ವ್ಯಾಪಾರ ಮಾಡುವವನು. ಗ್ರೀಕರ ಸ್ನಾನದ ಮನೆಯಲ್ಲಿ ಎಲ್ಲರೂ ಬತ್ತಲೆ. ಅಲ್ಲಿ ಇವನನ್ನು ನೋಡಿ ನಗುತ್ತಿದ್ದರಂತೆ. ನಗೆ ತಾಳಲಾರದೆ ಅವನು ವೈದ್ಯನ ಹತ್ತಿರ ಹೋಗಿ, ಉಳಿದ ತೊಗಲನ್ನು ಎಳೆಸಿ ಎಳೆಸಿ ಮುಂದೊಗಲಿನ ಹಾಗೆ ಮಾಡಿಸಿಕೊಂಡು ಬಂದಿದ್ದ. ತಿಂಗಳುಗಟ್ಟಲೆ ಗೋಳಾಡಿದನಂತೆ.

"ಮಾಡೋಕೂ ನೋವು, ಮಾಡಿದ್ದನ್ನ ಮುಚ್ಚೋಕೂ ನೋವು," ಎಂದು ತಾಮಾರ್ ಹೇಳಿದಳು. "ಎಂಟು ದಿನದ ಕೂಸಿಗೆ ಯಾಕತ್ತೆ ಇದೆಲ್ಲ?"

"ನಿನ್ನ ಮಗ ಹುಟ್ಲಿ, ಆಗ ಮಾತಾಡೋಣ," ಎಂದಳು ಶೆಲೋಮಿತ್.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಮನೆಯಲ್ಲಿ ಇಬ್ಬರಿಗೂ ಒಟ್ಟಿಗೇ ಕೆಟ್ಟ ಕಾಲ ಬಂತು. ರೋಮಿನ ವಿರುದ್ಧ ಯೆಹೂದಿಗಳು ಎದ್ದರು, ಸೋತರು. ತಾಮಾರಳ ಗಂಡ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಅವಳು ಆಗ ಬಸುರಿ. ಕಣಜದ ಕಾಳನ್ನೆಲ್ಲ ಸೈನ್ಯ ಒಯ್ದಿತು. ಆಯುಧ ಇರಬಾರದೆಂದು ಮನೆಮನೆಯ ಕತ್ತಿ, ಚೂರಿ, ಕುಡುಗೋಲುಗಳನ್ನೂ ಒಯ್ದರು. ಅದರ ಹಿಂದೆಯೇ ಚಕ್ರವರ್ತಿಯ ಆಜ್ಞೆ ಬಂತು. ಇನ್ನು ಯಾರೂ ಸುನ್ನತಿ ಮಾಡುವಂತಿಲ್ಲ. ಮಾಡಿದವರಿಗೂ ಮಾಡಿಸಿದವರಿಗೂ ಮರಣ.

ಎಲ್ಲಿಯೋ ಕುಳಿತ ಚಕ್ರವರ್ತಿಗೆ ಈ ಬೆಟ್ಟದ ಕೂಸುಗಳ ತೊಗಲಿನ ಉಸಾಬರಿ ಯಾಕೆ ಬೇಕಿತ್ತು? ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಸುನ್ನತಿ ಸರಿಯೋ ತಪ್ಪೋ ನಾನು ಹೇಳುವವನಲ್ಲ. ಕೂಸು ಕಿರುಚುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗಿದೆ. ಆದರೆ ಅಳುವ ಕೂಸಿಗೂ ಅದರ ತಾಯಿಗೂ ನಡುವೆ ಈಟಿ ಹಿಡಿದು ನಿಲ್ಲುವವನನ್ನು ಕಂಡರೆ ನನಗೆ ಆಗದು.

ಊರಿನಲ್ಲಿ ಸುನ್ನತಿ ಮಾಡಬಲ್ಲವನು ನಹೂಮ ಒಬ್ಬನೇ. ತನ್ನ ಒಂದು ಕತ್ತಿಯನ್ನು ಉಳಿಸಿಕೊಂಡು ಊರ ಮೇಲಿನ ಗುಹೆಯಲ್ಲಿ ಅಡಗಿದ್ದ. ಯಾವ ಮನೆಯಲ್ಲಿ ಯಾವತ್ತು ಎಂಟನೆಯ ದಿನ ಎಂದು ಅವನಿಗೆ ತಿಳಿಸುವುದು ಹೇಗೆ? ಗುಹೆಯ ದಾರಿಯಲ್ಲಿ ಕಾವಲಿತ್ತು. ಹೆಂಗಸರು ಯೋಚಿಸಿ ಒಂದು ಉಪಾಯ ಹೂಡಿದರು. ಎಂಟನೆಯ ದಿನ ಬೆಳಗ್ಗೆ ಆ ಮನೆಯ ಬೀಸುವ ಕಲ್ಲು ತಿರುಗಬೇಕು. ಕಲ್ಲಿನ ಗುಡುಗು ಬೆಟ್ಟಕ್ಕೆ ತಾಗಿ ಗುಹೆಗೆ ಕೇಳಿಸುತ್ತದೆ. ನಹೂಮ ಕುರುಬನ ವೇಷದಲ್ಲಿ ಆಡುಗಳ ಜೊತೆ ಇಳಿದು, ಕೆಲಸ ಮುಗಿಸಿ, ಆಡುಗಳ ಜೊತೆಯೇ ಹತ್ತಿಹೋಗುತ್ತಾನೆ. ಕೂಸಿನ ಅಳು ಕಲ್ಲಿನ ಸದ್ದಿನಲ್ಲಿ ಮುಚ್ಚಿಹೋಗುತ್ತದೆ.

ಒಂದೇ ತೊಂದರೆ. ಬೀಸಲು ಕಾಳಿಲ್ಲ. ಜನ ಸೊಪ್ಪು ಬೇಯಿಸಿ ತಿನ್ನುತ್ತಿದ್ದ ಕಾಲ. ಹಾಗಾಗಿ ಖಾಲಿ ಕಲ್ಲನ್ನೇ ಬೀಸಿದರು. ಖಾಲಿ ಕಲ್ಲು ಬೀಸಿದರೆ ಮನೆಗೆ ಕೇಡು ಎಂದು ಮೂರು ನಾಡಿನಲ್ಲೂ ಹೆಂಗಸರು ಹೇಳಿಕೊಂಡು ಬಂದವರು. ಕೇಡು ಮನೆಗೋ ಏನೋ, ಕಲ್ಲಿಗಂತೂ ನಿಜ. ಕಾಳಿಲ್ಲದೆ ತಿರುಗಿದರೆ ನಾವು ಒಬ್ಬರನ್ನೊಬ್ಬರು ತಿನ್ನುತ್ತೇವೆ. ಅಕ್ಕಪಕ್ಕದ ಕಲ್ಲುಗಳು ಹಲ್ಲು ಕಡಿಯುತ್ತ ತಿರುಗುವುದನ್ನು ಕೇಳಿ ನನ್ನ ಮೈ ಜುಮ್ಮೆನ್ನುತ್ತಿತ್ತು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಎಂದು ತಾಮಾರ್ ತನ್ನಷ್ಟಕ್ಕೆ ಗೊಣಗಿದಳು.

ಅವಳಿಗೆ ಗಂಡುಮಗು ಹುಟ್ಟಿತು. ಅಪ್ಪನದೇ ಮೂಗು. ಅತ್ತೆ ಸೊಸೆ ಇಬ್ಬರೂ ಅತ್ತರು, ಆಮೇಲೆ ಜಗಳಕ್ಕೆ ನಿಂತರು.

"ಎಂಟನೇ ದಿನ ಕಲ್ಲು ತಿರುಗಿಸ್ತೀನಿ," ಎಂದಳು ಶೆಲೋಮಿತ್.

"ತಿರುಗಿಸಬೇಡಿ ಅತ್ತೆ. ಗಂಡನ್ನ ಕಳಕೊಂಡೆ. ಇವನೊಬ್ಬ ಉಳಿದರೆ ಸಾಕು ನನಗೆ."

"ಉಳೀತಾನೆ. ಯಾರಾಗಿ ಉಳೀತಾನೆ ಅಂತ ಕೇಳ್ತಿದ್ದೀನಿ."

"ಬದುಕಿದ್ದರೆ ತಾನೇ ಯಾರೋ ಒಬ್ಬ ಆಗೋದು?"

ನಾನು ಮೂಲೆಯಲ್ಲಿ ಕೂತು ಕೇಳಿದೆ. ನಿಜ ಹೇಳಬೇಕೆಂದರೆ ತಾಮಾರಳ ಮಾತೇ ನನಗೆ ಸರಿ ಕಂಡಿತು.

ನಮ್ಮ ಕೂಸು ಹುಟ್ಟಿದ ಆರನೆಯ ದಿನ ಓಣಿಯ ಕೊನೆಯ ಮನೆಯಲ್ಲಿ ಕಲ್ಲು ತಿರುಗಿತು. ಅವರ ಮಗುವಿಗೆ ಅವತ್ತು ಎಂಟನೆಯ ದಿನ. ಕಾವಲಿಗೆ ಬಿಥುಸ್ ಎಂಬ ಸೈನಿಕನಿದ್ದ. ರೋಮಿನ ಸೈನ್ಯದಲ್ಲಿದ್ದರೂ ಅವನು ಥ್ರೇಸ್ ನಾಡಿನ ರೈತನ ಮಗ. ನಡೆಯುತ್ತಿದ್ದವನು ನಿಂತ, ತಲೆ ವಾರೆ ಮಾಡಿ ಕೇಳಿದ.

"ಇದು ಹಿಟ್ಟು ಬೀಸೋ ಸದ್ದಲ್ಲ," ಎಂದು ಜೊತೆಯವನಿಗೆ ಹೇಳಿದ. "ನಮ್ಮವ್ವ ಬೀಸೋದನ್ನ ಕೇಳ್ತಾ ಬೆಳೆದೋನು ನಾನು. ಕಾಳಿದ್ದರೆ ಕಲ್ಲು ಹೀಗೆ ಕಿರುಚಲ್ಲ."

ಪಟ್ಟಣದ ಸರದಾರನಾಗಿದ್ದರೆ ಜೀವಮಾನವಿಡೀ ಕೇಳಿದರೂ ಅವನಿಗೆ ಹೊಳೆಯುತ್ತಿರಲಿಲ್ಲ. ಬೀಸುವವಳ ಮಗನೇ ಬೀಸುವವರಿಗೆ ಕುತ್ತಾದ. ಆ ಮನೆಗೆ ನುಗ್ಗಿದರು. ನಹೂಮ ಆಡುಗಳ ನಡುವೆ ತಪ್ಪಿಸಿಕೊಂಡ. ಮಗುವಿನ ಅಪ್ಪನನ್ನು ಎಳೆದೊಯ್ದರು, ಅವನು ಮತ್ತೆ ಬರಲಿಲ್ಲ. ಊರಿನ ಮೇಲುಗಲ್ಲುಗಳನ್ನೆಲ್ಲ ಕಣಕ್ಕೆ ತಂದು ಒಡೆದುಹಾಕಿ ಎಂದು ಕಾವಲು ಪಡೆಯ ಸರದಾರ ಹೇಳಿದ.

ನಮ್ಮ ಮನೆಗೆ ಬಂದವನು ಬಿಥುಸನೇ. ತಾಮಾರ್ ಮೂಲೆಯಲ್ಲಿ ಕೂಸಿಗೆ ಹಾಲು ಕೊಡುತ್ತಿದ್ದಳು. ಶೆಲೋಮಿತ್ ಬಾಗಿಲಿಗೆ ಅಡ್ಡ ನಿಂತಳು. ಅವನು ಮುದುಕಿಯನ್ನು ಮೆಲ್ಲಗೆ, ಬಾಗಿಲ ಪರದೆ ಸರಿಸುವಂತೆ, ಪಕ್ಕಕ್ಕೆ ಸರಿಸಿದ. ನನ್ನನ್ನು ಎತ್ತುವ ಮೊದಲು ತಾಮಾರಳ ಕಡೆ ತಿರುಗಿ, "ಗಂಡೋ ಹೆಣ್ಣೋ?" ಎಂದು ಕೇಳಿದ.

ಅವಳು ಕೂಸನ್ನು ಇನ್ನಷ್ಟು ಎದೆಗೊತ್ತಿಕೊಂಡಳು. ಅವನು ಬಗ್ಗಿ, ಈಟಿಯ ತುದಿಯಿಂದ ಕೂಸಿನ ಬಟ್ಟೆ ಸರಿಸಿದ. ನೋಡಿದ. ಅವನ ಮುಖದಲ್ಲಿ ನಗೆ ಮೂಡಿತು. ಕೆಟ್ಟ ನಗೆಯಲ್ಲ ಅದು, ಸಂತೋಷದ ನಗೆ. ಅದೇ ಇನ್ನೂ ಕೆಟ್ಟದ್ದು.

"ಇನ್ನೂ ಮಾಡಿಲ್ಲ. ಒಳ್ಳೇದು, ಹೀಗೇ ಇರ್ಲಿ ಬಿಡಮ್ಮ," ಎಂದ. "ಇವನು ನಮ್ಮವನು."

ತಾಮಾರಳ ಮುಖ ನಾನು ಕೆಳಗಿನಿಂದ ನೋಡಿದೆ. ಅವಳು ಬಟ್ಟೆಯನ್ನು ಮತ್ತೆ ಸುತ್ತಿದಳು. ಬಿಗಿಯಾಗಿ ಗಂಟು ಹಾಕಿದಳು.

ಕಣದಲ್ಲಿ ನಮ್ಮನ್ನೆಲ್ಲ ರಾಶಿ ಹಾಕಿ ಸುತ್ತಿಗೆ ಬೀಸಿದರು. ಮೊದಲ ಏಟಿಗೆ ನಾನು ಒಡೆಯಲಿಲ್ಲ, ಎರಡನೆಯದಕ್ಕೂ ಒಡೆಯಲಿಲ್ಲ. ಬಿಥುಸ್ ಬೆವರು ಒರೆಸಿಕೊಂಡು ಮತ್ತೆ ಎತ್ತಬೇಕಾಯಿತು. ಕೊನೆಗೆ ನಡುವಿನ ಬಾಯಿಯ ಹತ್ತಿರ ಬಿರಿದು ದೊಡ್ಡ ತುಂಡುಗಳಾದೆ. ಅಂಚಿನ ಬಿಗಿಯಾದ ಭಾಗದಿಂದ ಸಣ್ಣ ಚಕ್ಕೆಗಳು ಹಾರಿದವು. ಒಡೆದ ಮೇಲೆ ನೀನು ಯಾವ ತುಂಡಿನಲ್ಲಿದ್ದೆ ಎಂದು ಕೇಳಬೇಡಿ. ಎಲ್ಲದರಲ್ಲೂ ಇದ್ದೆ. ಕಲ್ಲು ಹಾಗೆಲ್ಲ ಸಾಯುವುದಿಲ್ಲ.

ಸೈನಿಕರು ಹೋದಮೇಲೆ ಹೆಂಗಸರು ತಮ್ಮ ತಮ್ಮ ಕಲ್ಲಿನ ತುಂಡುಗಳನ್ನು ಹುಡುಕುತ್ತ ಅತ್ತರು. ತಾಮಾರ್ ಅಳಲಿಲ್ಲ. ಮಂಡಿಯೂರಿ ನನ್ನ ಚಕ್ಕೆಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ತಾಗಿಸಿ ನೋಡಿದಳು. ಒಂದು ಚಕ್ಕೆ ಬೆರಳಿನಲ್ಲಿ ರಕ್ತ ತರಿಸಿತು. ಅದನ್ನು ಸೆರಗಿಗೆ ಕಟ್ಟಿಕೊಂಡಳು.

ಎಂಟನೆಯ ದಿನ ಬೆಳಗಾಯಿತು. ಊರಿನಲ್ಲಿ ತಿರುಗಲು ಕಲ್ಲಿಲ್ಲ. ಗುಹೆಗೆ ಸದ್ದು ಹೋಗಲಿಲ್ಲ, ನಹೂಮ ಬರಲಿಲ್ಲ. ಶೆಲೋಮಿತ್ ಒಂಟಿ ಕೆಳಗಲ್ಲಿನ ಪಕ್ಕದಲ್ಲಿ ಕುಸಿದು ಕೂತಿದ್ದಳು. ಎರಡು ದಿನದಲ್ಲಿ ಹತ್ತು ವರ್ಷ ಮುದುಕಿಯಾಗಿದ್ದಳು.

"ನೀನು ಹೇಳಿದ್ದೇ ಸರಿ ಕಣಮ್ಮ," ಎಂದಳು. "ಬೇಡ ಬಿಡು. ಕತ್ತಿಯಿಲ್ಲ, ಮಾಡೋನಿಲ್ಲ. ಕೂಸು ಉಳಿದರೆ ಸಾಕು."

ತಾಮಾರ್ ಸೆರಗಿನ ಗಂಟು ಬಿಚ್ಚಿ ನನ್ನನ್ನು ಅತ್ತೆಯ ಅಂಗೈಯಲ್ಲಿಟ್ಟಳು.

ಮುದುಕಿ ನನ್ನನ್ನು ತಿರುಗಿಸಿ ನೋಡಿದಳು. ಗುರುತು ಹಿಡಿದಳು. ಹಲ್ಲಿಲ್ಲದ ಬಾಯಿಯಲ್ಲಿ ಅರ್ಧ ನಗೆ, ಅರ್ಧ ಅಳು. "ಕಬ್ಬಿಣ ಬರೋಕ್ಕೆ ಮುಂಚೆ ಕಲ್ಲಲ್ಲೇ ಮಾಡ್ತಿದ್ದರಂತೆ," ಎಂದಳು. "ಕಬ್ಬಿಣ ಬಂದಮೇಲೂ ಎಷ್ಟೋ ಕಾಲ ಕಲ್ಲೇ ಬೇಕು ಅಂತಿದ್ದರಂತೆ. ನಮ್ಮಜ್ಜಿ ಹೇಳೋಳು. ಗಂಡಸರೆಲ್ಲ ಕೈ ಚೆಲ್ಲಿದಾಗ ತಾಯಂದಿರೇ ಮಾಡಿದ್ದೂ ಉಂಟಂತೆ. ನನ್ನ ಕೈ ನಡುಗುತ್ತೆ. ನಿನ್ನ ಕೈಲಾಗುತ್ತಾ?"

"ನೀವು ತೋರಿಸಿ, ನಾನು ಮಾಡ್ತೀನಿ."

ನನ್ನನ್ನು ಕೆಳಗಲ್ಲಿನ ಮೇಲೆ ಎಣ್ಣೆ ಹಚ್ಚಿ ಮಸೆದರು. ಇಷ್ಟು ಕಾಲ ನನ್ನ ಕೆಳಗೆ ಸುಮ್ಮನೆ ಬಿದ್ದಿತ್ತೆಂದು ನಾನು ಹೀಯಾಳಿಸಿದ ಕಲ್ಲು ನನಗೆ ಅಲಗು ಕೊಟ್ಟಿತು. ಗಾಯಕ್ಕೆ ಹಾಕಲು ಒಂದು ಚಿಟಿಕೆ ಜೀರಿಗೆ ಉಳಿದಿತ್ತು. ಅರೆಯಲು ಕಲ್ಲಿಲ್ಲವೆಂದು ಶೆಲೋಮಿತ್ ಒಸಡಿನಲ್ಲೇ ಜಗಿಯತೊಡಗಿದಳು.

ಅಳುವಿನ ಸದ್ದು ಮುಚ್ಚುವುದು ಹೇಗೆ ಎಂಬುದೊಂದು ಉಳಿದಿತ್ತು. ಅದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಊರಿನಲ್ಲಿ ಯಾರು ಯಾವತ್ತು ಹೆತ್ತರು ಎಂಬುದು ಹೆಂಗಸರಿಗೆ ಬಾಯಿಪಾಠ. ಸರಿಯಾದ ಹೊತ್ತಿಗೆ ಬಾವಿಕಟ್ಟೆಯಲ್ಲಿ ಜಗಳ ಹತ್ತಿತು. ಒಬ್ಬಳ ಕೋಳಿಯನ್ನು ಇನ್ನೊಬ್ಬಳು ಕದ್ದಳಂತೆ. ಊರಿನಲ್ಲಿ ಕೋಳಿ ಸತ್ತು ತಿಂಗಳುಗಳಾಗಿದ್ದವು. ಏಳು ತಲೆಮಾರು ಎತ್ತಿ ಬೈದರು, ಕೊಡ ಒಡೆದರು, ಜುಟ್ಟು ಹಿಡಿದರು. ಬಿಥುಸ್ ಮತ್ತು ಅವನ ಜೊತೆಗಾರರು ಈಟಿಗೆ ಒರಗಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಲ್ಲಿಸಲು ಹೋಗಲಿಲ್ಲ.

ಒಳಗೆ ಶೆಲೋಮಿತ್ ಕೂಸನ್ನು ತೊಡೆಯ ಮೇಲೆ ಹಿಡಿದಳು. ತಾಮಾರ್ ನನ್ನನ್ನು ಹಿಡಿದಳು. ಬೆರಳು ಬಿಸಿಯಾಗಿತ್ತು. ಅವಳು ಮಂತ್ರ ಹೇಳಲಿಲ್ಲ, ಅದು ಅವಳಿಗೆ ಬರುತ್ತಲೂ ಇರಲಿಲ್ಲ. ಬಾಗಿಲ ಕಡೆ ನೋಡಿ, "ಇವನು ನಿಮ್ಮವನಲ್ಲ," ಎಂದಳು. ಒಂದೇ ಗಳಿಗೆ. ಕೂಸು ಕಿರುಚಿತು. ಹೊರಗೆ ಇನ್ನೊಂದು ಕೊಡ ಒಡೆಯಿತು.

ಕೂಸಿಗೆ ಎರಡು ದಿನ ಜ್ವರ ಬಂತು. ಆ ಎರಡು ದಿನ ತಾಮಾರ್ ಅವನನ್ನು ಕೆಳಗಿಡಲಿಲ್ಲ. ನನ್ನನ್ನು ನೋಡುವುದಕ್ಕೂ ಅವಳಿಂದಾಗಲಿಲ್ಲ. ಜ್ವರ ಬಿಟ್ಟಮೇಲೆ ಶೆಲೋಮಿತ್ ನನ್ನನ್ನು ತೊಳೆದು ಗೋಡೆಯ ಸಂದಿನಲ್ಲಿಟ್ಟಳು. ಅಲ್ಲಿ ನಾನು ವರ್ಷಗಟ್ಟಲೆ ಇದ್ದೆ. ಆ ಚಕ್ರವರ್ತಿ ಸತ್ತ, ಅವನ ಆಜ್ಞೆಯನ್ನು ಮುಂದಿನವನು ಸಡಿಲಿಸಿದ. ಬಿಥುಸನ ಪಾಳೆಯ ಬೇರೆಲ್ಲಿಗೋ ಹೋಯಿತು. ಶೆಲೋಮಿತ್ ತೀರಿಕೊಂಡಳು. ಮನೆಗೆ ಹೊಸ ಬೀಸುವ ಕಲ್ಲು ಬಂತು, ಬಾಯಿಬಡುಕ ಕಲ್ಲು. ಹಳೆಯ ಮನೆ ಕುಸಿದಾಗ ನನ್ನನ್ನೂ ಕಣದಲ್ಲಿ ಬಿದ್ದಿದ್ದ ನನ್ನ ತುಂಡುಗಳನ್ನೂ ಆಲಿವ್ ತೋಟದ ಗೋಡೆಗೆ ಸೇರಿಸಿದರು. ಈಗ ನಾನಿರುವುದು ಅಲ್ಲೇ. ಬಿಸಿಲು ಕಾಯುತ್ತೇನೆ, ಆಡುಗಳು ಮೈಮೇಲೆ ಹತ್ತಿಳಿಯುತ್ತವೆ. ಅಯ್ಯೋ ಪಾಪ ಎನ್ನಬೇಡಿ. ಒಡೆದು ಬಿಸಾಡಿದವರಿಗಿಂತ ಹೆಚ್ಚು ಕಾಲ ಉಳಿದಿದ್ದೇನೆ.

ಈ ಗೋಡೆ ಕಟ್ಟುತ್ತಿದ್ದ ದಿನ ಅವನು ಕೇಳಿದ. ಅವನೆಂದರೆ ಆ ಕೂಸು, ಆಗ ಮೀಸೆ ಬಲಿತ ಗಂಡಸು. ಪಟ್ಟಣಕ್ಕೆ ಎಣ್ಣೆ ಮಾರಲು ಹೋಗಿ ಹಿಂದಿನ ಸಂಜೆಯಷ್ಟೇ ತಿರುಗಿ ಬಂದಿದ್ದ. ಮುಖ ಗಂಟಿಕ್ಕಿಕೊಂಡೇ ಇತ್ತು.

"ಸ್ನಾನದ ಮನೇಲಿ ನಕ್ಕರು," ಎಂದ. "ನೀನು ಮೊದಲು ಬೇಡ ಅಂದಿದ್ದೆಯಂತೆ. ಅಜ್ಜಿನೂ ಕೊನೇಗೆ ಬಿಡು ಅಂದಳಂತೆ. ಯಾರೂ ಕೇಳದೆ ಇರೋವಾಗ ಯಾಕೆ ಮಾಡಿದೆ ಅವ್ವಾ?"

ತಾಮಾರ್ ಕಲ್ಲಿನ ಬುಟ್ಟಿ ಇಳಿಸಿದಳು. ಶುದ್ಧಿಯ ಮಾತಾಡುತ್ತಾಳೆ ಎಂದುಕೊಂಡೆ, ಇಲ್ಲ, ದೇವರ ಒಡಂಬಡಿಕೆಯ ಮಾತು ಎಂದುಕೊಂಡೆ. ಇಷ್ಟು ಮನೆ ತಿರುಗಿದ್ದರಿಂದ ಎಲ್ಲ ಉತ್ತರವೂ ನನಗೆ ಗೊತ್ತಿತ್ತು.

"ಒಬ್ಬ ಸೈನಿಕ ಬಂದು ನಿನ್ನ ಬಟ್ಟೆ ಸರಿಸಿ ನೋಡಿ, ಇವನು ನಮ್ಮವನು ಅಂದ," ಎಂದಳು ಅವಳು.

"ಅದಕ್ಕೆ? ನನ್ನ ಕೇಳಿದೆಯಾ?"

"ಇಲ್ಲಪ್ಪ. ಅವನೂ ನಿನ್ನ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಲ್ಲಿ ಒಬ್ಬರ ಮಾತು ನಡೀಬೇಕಾಗಿತ್ತು. ನನ್ನದು ನಡೀತು."

ಮಗನ ಸಿಟ್ಟು ಇಳಿಯಿತೆಂದು ನಾನು ಹೇಳಲಾರೆ. ಆಮೇಲೆ ಅವಳ ಬುಟ್ಟಿಯಿಂದ ಒಂದು ಕಲ್ಲೆತ್ತಿ ಗೋಡೆಯ ಮೇಲಿಟ್ಟ, ಅವಳು ಇನ್ನೊಂದು ಕೊಟ್ಟಳು.